ಲೋಕನಾಥನ ಬೆಳಗಿನ ಗುಳಿಗೆ

ಹೋಟೆಲಿನವರಿಗೆ ಆಸಿಡಿಟಿ ಗುಳಿಗೆ ಔಷಧಿಯಲ್ಲ ನೋಡಿ, ಚಹಾದ ಹಾಗೆ. ನಮ್ಮ ಠಾಕುರ್ಲಿಯ ಸಾಲುಮನೆ ಚಾಳಿನಲ್ಲಿ ಪಕ್ಕದ ಮನೆಯ ಲೋಕನಾಥ ಉಡುಪಿ ಕಡೆಯವನು, ಡೊಂಬಿವಲಿಯಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಹದಿನೆಂಟು ವರ್ಷ. ಹೊತ್ತಲ್ಲದ ಹೊತ್ತಿಗೆ ಉಣ್ಣುವ ಅವನಂಥವರೆಲ್ಲ ಬೆಳಿಗ್ಗೆ ಎದ್ದವರೇ ಒಂದೊಂದು ನುಂಗಿ ಕೆಲಸಕ್ಕಿಳಿಯುತ್ತಾರೆ.

ಅವನ ಮಗಳು ಸೋನಾಲಿಗೆ ಎಂಟು ವರ್ಷ. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಸೇರಿ ಹುಣ್ಣಾಗಿತ್ತು. ಗಂಟಲಿಗೆ ನಳಿಗೆ ಇಳಿಸಿ ನೋಡಿ ಔಷಧಿಯ ಕೋರ್ಸ್ ಕೊಟ್ಟಿದ್ದರು. ಅದು ಸತ್ತಿದೆಯೋ ಇಲ್ಲವೋ ತಿಳಿಯಲು ಎರಡು ತಿಂಗಳ ಮೇಲೆ ಉಸಿರಿನ ಪರೀಕ್ಷೆ. ಈ ಸಲ ನಳಿಗೆಯಿಲ್ಲ, ಊದಿದರೆ ಸಾಕು. ಅಲ್ಲಿಯವರೆಗೆ ಬೇರೆ ಔಷಧಿ ಬೇಡ ಎಂದಿದ್ದರು ಡಾಕ್ಟರು.

ಅವನ ಹೆಂಡತಿ ವಿಮಲಾಳ ಧೈರ್ಯಕ್ಕೆಂದು ಠಾಣೆಯ ಲ್ಯಾಬಿಗೆ ನಾನೂ ಹೋಗಿದ್ದೆ. ಏನಾದರೂ ಔಷಧಿ ನಡೆದಿದೆಯಾ ಎಂದು ಅಲ್ಲಿಯವಳು ಮರಾಠಿಯಲ್ಲಿ ಎರಡೆರಡು ಸಲ ಕೇಳಿದಳು. ಲೋಕನಾಥ ಇಲ್ಲವೆಂದ. ಸುಳ್ಳು ಹೇಳುವ ಮುಖವಲ್ಲ ಅದು. ಸೋನಾಲಿ ಚೀಲಕ್ಕೆ ಊದಿದಳು, ಹುಳಿ ನೀರು ಕುಡಿದಳು, ಅರ್ಧ ಗಂಟೆ ಕೂತು ಇನ್ನೊಂದು ಚೀಲಕ್ಕೆ ಊದಿದಳು. ಬಲೂನಾದರೂ ಕೊಡಬಾರದಿತ್ತಾ ಎಂದು ನಮ್ಮನ್ನು ನಗಿಸಿದಳು. ಸಂಜೆ ರಿಪೋರ್ಟ್ ಬಂತು, ಬ್ಯಾಕ್ಟೀರಿಯಾ ಇಲ್ಲ. ವಿಮಲಾ ಚಾಳಿಗೆಲ್ಲ ಸಿಹಿ ಅವಲಕ್ಕಿ ಹಂಚಿದಳು.

ಮರುದಿನ ಬಟ್ಟಲು ವಾಪಸ್ ಕೊಡಲು ಹೋದರೆ, ಸೋನಾಲಿ ಅಪ್ಪನ ಅಂಗಿ ಜೇಬಿಗೆ ಕೈಹಾಕಿ, "ಪಪ್ಪಾ, ಮೇರಿ ಗೋಲಿ?" ಅನ್ನುತ್ತಿದ್ದಳು.

ವಿಮಲಾ ತಿರುಗಿದಳು. "ಯಾವ ಗುಳಿಗೆ?"

"ನಂದೇ ಮಾರಾಯ್ತಿ. ದಿನಾ ಬೆಳಿಗ್ಗೆ ಹೊಟ್ಟೆ ಉರೀತದೆ ಅಂತಿದ್ಲು. ಅದೆಂತ ಔಷಧಿಯಾ?"

ವಿಮಲಾ ಡಾಕ್ಟರಿಗೆ ಫೋನ್ ಹಚ್ಚಿದಳು. ಆ ಗುಳಿಗೆ ತಿಂದರೆ ಬ್ಯಾಕ್ಟೀರಿಯಾ ಮಂಕಾಗಿ ಕೂತುಬಿಡುತ್ತದಂತೆ, ಇದ್ದರೂ ಉಸಿರಲ್ಲಿ ಸಿಕ್ಕದಂತೆ. ರಿಪೋರ್ಟ್ ನಂಬುವ ಹಾಗಿಲ್ಲ, ಹದಿನಾಲ್ಕು ದಿನ ಗುಳಿಗೆ ಮುಟ್ಟದೆ ಮತ್ತೆ ಬನ್ನಿ ಎಂದರು. ವಿಮಲಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಲೋಕನಾಥ ಗುಳಿಗೆಯ ಸ್ಟ್ರಿಪ್ಪುಗಳನ್ನೆಲ್ಲ ತಂದು ನನ್ನ ಕೈಗಿಟ್ಟ.

"ನಿಮ್ಮಲ್ಲಿರಲಿ ಅಕ್ಕಾ. ಅವಳು ಅತ್ತರೆ ನನ್ನ ಕೈ ತಡೆಯೋದಿಲ್ಲ."

ಮತ್ತೆ ನಿನಗೆ ಎಂದು ಕೇಳಿದೆ. ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೊರಟ.

ಆರು ದಿನ ಕಳೆದವು. ಬೆಳಿಗ್ಗೆ ಗೋಡೆಯಾಚೆ ಸೋನಾಲಿ ನರಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಲೋಕನಾಥ ಎದೆ ಉಜ್ಜಿಕೊಳ್ಳುತ್ತ ನನ್ನ ಬಾಗಿಲಲ್ಲಿ ನಿಂತಿದ್ದ. ಕಣ್ಣು ಗುಳಿಗೆಯಿಟ್ಟ ಗೂಡಿನ ಮೇಲೆ. ಕೊಡಲೋ ಬೇಡವೋ ಎಂದುಕೊಳ್ಳುತ್ತಲೇ ಎದ್ದೆ.

"ನನಗೂ ಬೇಡ, ಕೂತ್ಕೊಳ್ಳಿ ಅಕ್ಕಾ. ಇನ್ನೆಷ್ಟು ದಿನ?"

"ಎಂಟು."

"ಮಗುವಿಗೆ ನಾಲ್ಕೇ ಅಂತ ಹೇಳಿದ್ದೇನೆ," ಎಂದ.