ಮೇಲಕ್ಕೆ ಹೋಗುತ್ತಿದ್ದ ಸ್ವರ

“ಎಡಕ್ಕೆ, ಎಡಕ್ಕೆ! ನನ್ನ ಎಡಕ್ಕಲ್ಲಪ್ಪ, ನಿನ್ನ ಎಡಕ್ಕೆ!”

ಮೇಷ್ಟ್ರನ್ನು ಮಲಗಿಸಿದ್ದ ಸ್ಟ್ರೆಚರ್ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಬಾಗಿಲೇನೋ ಅಗಲವಾಗಿಯೇ ಇತ್ತು. ಅದರ ಅರ್ಧಕ್ಕೆ ಅಡ್ಡವಾಗಿ ಒಳಗೆ ಪಿಯಾನೊ ಕೂತಿತ್ತು. ಅದನ್ನು ಅಲ್ಲಿ ಇಡಬೇಡಿ ಎಂದು ಮೇಷ್ಟ್ರು ನೌಕರಿಯಲ್ಲಿದ್ದಷ್ಟು ಕಾಲವೂ ಗೊಣಗಿದ್ದರು. ಈಗ ಅವರ ಮಾತೇ ನಿಜವಾಗಿತ್ತು. ‘ನಾನು ಬಡ್ಕೊಂಡಿರಲಿಲ್ವಾ’ ಎಂದು ಕೇಳಲು ಮಾತ್ರ ಅವರಿರಲಿಲ್ಲ.

ಕಾಲಿನ ಕಡೆ ಹಿಡಿದಿದ್ದ ತಂತಿ ಏದುಸಿರು ಬಿಡುತ್ತಿದ್ದ. ಮೇಷ್ಟ್ರ ಮೊದಲ ತಂಡದ ಶಿಷ್ಯ ಅವನು. ಆಗ ಕಡ್ಡಿಯ ಹಾಗಿದ್ದನೆಂದು ಮೇಷ್ಟ್ರೇ ಇಟ್ಟ ಹೆಸರು. ಈಗ ಡ್ರೈವಿಂಗ್ ಸ್ಕೂಲು ನಡೆಸುತ್ತಾನೆ, ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಕೈ ತೂರಿಸಲು ಜಾಗವಿಲ್ಲ. ಹೆಸರು ಮಾತ್ರ ದಪ್ಪಗಾಗದೆ ಹಾಗೇ ಉಳಿದಿದೆ.

“ಪಿಯಾನೊ ಜರುಗಿಸ್ರೋ ಮೊದ್ಲು! ಎಷ್ಟೊತ್ತು ಹಿಡ್ಕೊಂಡು ನಿಂತ್ಕೊಳ್ಲಿ?” ಎಂದು ತಂತಿ ಕೂಗಿದ.

ಹುಡುಗರು ತಳ್ಳಿದರು. ಚಕ್ರ ಕಿರ್ರೋ ಎಂದಿತು. ಸೇರಿದ್ದವರೆಲ್ಲ ಸಂಗೀತದವರೇ ಆದ್ದರಿಂದ ಎಲ್ಲರ ಮುಖವೂ ಒಟ್ಟಿಗೇ ಕಿವುಚಿಕೊಂಡಿತು. ಯಾರೋ ಕಿಸಕ್ಕೆಂದು ನಕ್ಕು, ನಕ್ಕಿದ್ದಕ್ಕೆ ನಾಚಿ, ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು.

ಮೇಷ್ಟ್ರ ಹೆಂಡತಿ ಗೋಡೆಗೊರಗಿ ಇದನ್ನೆಲ್ಲ ನೋಡುತ್ತಿದ್ದಳು. ಎಳೆದಾಟದಲ್ಲಿ ಗಂಡನ ಕಪ್ಪು ಕೋಟಿನ ಕಾಲರು ಮಡಚಿಕೊಂಡಿತ್ತು. ಬೆಳಿಗ್ಗೆ ಆಕೆಯೇ ಇಸ್ತ್ರಿ ಮಾಡಿದ ಕೋಟು. ಮಗಳು ಬೇಡವೆಂದರೂ ಕೇಳಿರಲಿಲ್ಲ. ಸ್ಟ್ರೆಚರ್ ಹಾಲಿನ ನಡುವೆ ಬಂದು ನೆಲೆನಿಂತ ಮೇಲೆ ಆಕೆ ಹೋಗಿ ಕಾಲರನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿ ಕುರ್ಚಿಯಲ್ಲಿ ಕೂತಳು.

ಹೊಸ ಮೇಡಂ ಬಂದು ಪಕ್ಕದಲ್ಲಿ ಬಗ್ಗಿ ನಿಂತರು. ಮೇಷ್ಟ್ರ ಕೊನೆಯ ತಂಡದ ಶಿಷ್ಯೆ, ಈಗ ಅವರದೇ ಜಾಗದಲ್ಲಿ ಪಾಠ ಮಾಡುವವರು. ಸೇರಿ ಎಷ್ಟೋ ಕಾಲವಾದರೂ ವಿಭಾಗದಲ್ಲಿ ಅವರು ಇನ್ನೂ ‘ಹೊಸ’ ಮೇಡಮ್ಮೇ.

“ಅಮ್ಮಾ, ವ್ಯಾನ್ ಬರೋದು ಸ್ವಲ್ಪ ತಡ ಅಂತೆ. ಅಷ್ಟರಲ್ಲಿ ಸಾರ್‌ಗೆ ಇಷ್ಟವಾಗಿದ್ದ ಆ ಗೀತೆ ನುಡಿಸ್ಲಾ?”

“ನುಡಿಸಮ್ಮ. ಕೇಳಬೇಕಾ?” ಎಂದ ಆಕೆ, ಅವರು ತಿರುಗುವಷ್ಟರಲ್ಲಿ ಸೆರಗಿನ ತುದಿ ಹಿಡಿದು ನಿಲ್ಲಿಸಿದಳು. “ಕೊನೇಲಿ ಹೇಗೆ ನುಡಿಸ್ತೀಯ?”

“ಸಾರ್ ಹೇಳ್ಕೊಟ್ಟ ಹಾಗೇ ಅಮ್ಮ. ಕೆಳಗಿನ ಸ್ವರಕ್ಕಿಳಿದು ನಿಲ್ಲಿಸ್ತೀನಿ.”

ಆಕೆ ತಲೆಯಾಡಿಸಿದಳು. ಅವರು ಹೋಗುವ ದಿನವಾದರೂ ಆ ಸ್ವರ ಮೇಲಕ್ಕೆ ಹೋಗಬಾರದೇ ಎಂದು ಆಕೆಯ ಜೀವ ಹಂಬಲಿಸಿತು.

*

ಮದುವೆಗೆ ಮೊದಲು ಆಕೆ ಲಾಂಡ್ರಿ ಅಂಗಡಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಂಗಡಿಯ ಮೇಲಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವನೊಬ್ಬ ಸಂಜೆಯಾದರೆ ಏನನ್ನೋ ಊದುತ್ತಿದ್ದ. “ಮೇಲೆ ಯಾವನೋ ಎಮ್ಮೆ ಕಟ್ಟಿದ್ದಾನೆ,” ಎಂದು ಅಂಗಡಿಯ ಯಜಮಾನ ರೇಗುತ್ತಿದ್ದ. ಆಕೆಗೆ ಮೊದಮೊದಲು ಹೌದೆನ್ನಿಸಿತು. ಆಮೇಲಾಮೇಲೆ ಎಮ್ಮೆ ಕೂಗದ ದಿನ ಕೆಲಸವೇ ಸಾಗದಂತಾಯಿತು.

ಅವನು ಅಭ್ಯಾಸ ಮುಗಿಸುವ ಮೊದಲು ಒಂದೇ ಗೀತೆಯನ್ನು ನುಡಿಸುತ್ತಿದ್ದ. ನಿಧಾನದ ಗೀತೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂದು, ಇನ್ನೇನು ನೆಲ ಮುಟ್ಟಿತು ಎನ್ನುವಾಗ ಕೊನೆಯ ಸ್ವರ ತಟ್ಟನೆ ಮೇಲಕ್ಕೆ ಹೋಗಿ ನಿಂತುಬಿಡುತ್ತಿತ್ತು. ಯಾರೋ ಏನನ್ನೋ ಕೇಳಿ ಉತ್ತರಕ್ಕೆ ಕಾಯುತ್ತಿರುವ ಹಾಗೆ. ಆ ಸ್ವರಕ್ಕಾಗಿ ಕಿವಿ ನಿಮಿರಿಸಿಕೊಂಡು ನಿಂತಿದ್ದ ಒಂದು ಸಂಜೆ ಇಸ್ತ್ರಿಪೆಟ್ಟಿಗೆ ಗಿರಾಕಿಯ ಅಂಗಿಯ ಮೇಲೇ ಉಳಿದು ಬೆನ್ನಿಗೆ ಕಂದು ಮಚ್ಚೆ ಬಿತ್ತು.

ಸಿಟ್ಟಿನ ಭರದಲ್ಲಿ ಅಂಗಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು.

“ನಿಮ್ಮಿಂದ ಇದು ಸುಟ್ಟು ಹೋಯ್ತು!”

ಬಾಗಿಲು ತೆರೆದವನು ಅಂಗಿಯನ್ನೂ ಆಕೆಯನ್ನೂ ನೋಡಿದ. “ಇಸ್ತ್ರಿಪೆಟ್ಟಿಗೆ ನಿಮ್ಮ ಕೈಲಿತ್ತಲ್ಲ?”

“ಕೊನೇಲಿ ಏನೋ ಕೇಳ್ತೀರಲ್ಲ, ಅದಕ್ಕೆ ಯಾರು ಉತ್ತರ ಕೊಡಬೇಕು? ದಿನಾ ಕೇಳಿದ್ರೆ ಕೆಳಗಿರೋರು ಕೆಲಸ ಮಾಡೋದು ಹೇಗೆ?”

ಅವನು ಕಿವಿಯವರೆಗೂ ಕೆಂಪಾದ. ಉತ್ತರವೇನೋ ಕೊನೆಗೆ ಆಕೆಯಿಂದಲೇ ಸಿಕ್ಕಿತು ಅನ್ನಿ. ಮದುವೆಯಾದ ಮೇಲೊಂದು ದಿನ ಅವರು ಆ ಹಳೆಯ ಸ್ಯಾಕ್ಸೊಫೋನನ್ನು ತೊಡೆಯ ಮೇಲಿಟ್ಟುಕೊಂಡು, ಕೊಳವೆಯ ಅಗಲವಾದ ಬಾಯಿಯ ಬಳಿ ಸೊಟ್ಟಗಾಗಿದ್ದ ಮುಚ್ಚಳವನ್ನು ತೋರಿಸಿದರು. ರಬ್ಬರ್ ಬ್ಯಾಂಡ್ ಸುತ್ತಿದರೂ ಅದು ಕೂರುತ್ತಿರಲಿಲ್ಲ, ಗಾಳಿ ಸೋರುತ್ತಿತ್ತು.

“ಇದು ಮುಚ್ಚಿದ್ರೇನೇ ಎಲ್ಲಕ್ಕಿಂತ ಕೆಳಗಿನ ಸ್ವರ ಹೊರಡೋದು. ಗೀತೆ ಮುಗಿಯೋದೇ ಅಲ್ಲಿ. ನನ್ನ ವಾದ್ಯದಲ್ಲಿ ಆ ಸ್ವರವೇ ಇಲ್ಲ. ಅದಕ್ಕೇ ಮೇಲಕ್ಕೆ ಹಾರಿ ತಪ್ಪಿಸ್ಕೋತೀನಿ.”

“ಒಳ್ಳೇದೇ ಆಯ್ತು ಬಿಡಿ,” ಎಂದಳು ಆಕೆ. “ಅದು ನೆಟ್ಟಗಿದ್ದಿದ್ರೆ ನಾನು ಮೆಟ್ಟಿಲು ಹತ್ತುತ್ತಾನೇ ಇರಲಿಲ್ಲ.”

*

ತಂತಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಆಕೆ ಬಂದು ಪಕ್ಕದಲ್ಲಿ ಕೂತಳು.

“ತಂತೀ, ಆ ಗೀತೆ ನಿನಗೆ ಹಳೇ ಥರಾನೇ ಬರುತ್ತಲ್ವೇನೋ?”

ತಂತಿಗೆ ಯಾವ ಗೀತೆ ಎಂದು ಕೇಳಬೇಕಾಗಲಿಲ್ಲ. “ಮರೆಯೋಕಾಗುತ್ತಾ ಅಮ್ಮ? ಅದರಿಂದ್ಲೇ ಅಲ್ವಾ ನಾನು ಡ್ರೈವಿಂಗ್ ಸ್ಕೂಲ್ ಇಟ್ಟಿದ್ದು?” ಎಂದು ನಕ್ಕ. ಕಹಿಯೇನೂ ಇರಲಿಲ್ಲ ಆ ನಗುವಿನಲ್ಲಿ.

“ಇವತ್ತು ಒಂದ್ಸಲ ನುಡಿಸಪ್ಪ. ನನಗೋಸ್ಕರ.”

ಅವನು ಆಕೆಯ ಮುಖವನ್ನೇ ನೋಡಿದ. ಎದ್ದು ಹೋಗಿ ಯಾರದೋ ಸ್ಯಾಕ್ಸೊಫೋನ್ ಇಸಿದುಕೊಂಡು ಬಂದ. ರೀಡಿನ ತೆಳು ಪಟ್ಟಿಯನ್ನು ನಾಲಗೆಯ ಮೇಲಿಟ್ಟು ನೆನೆಸಿ, ಊದುವ ತುದಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಊದಿದ. ಕೀಚ್ ಎಂದಿತು. ಮತ್ತೆ ಊದಿದ. ಬಾಗಿಲ ಸಂದಿಯಿಂದ ಒಂದಿಬ್ಬರು ಇಣುಕಿ ನೋಡಿದರು. ಮೂರನೆಯ ಸಲ ಒಂದು ಸ್ವರ ಹೊರಟು, ನಡುಗಿ, ಅರ್ಧಕ್ಕೇ ಸತ್ತಿತು.

“ಆಗಲ್ಲಮ್ಮ. ತುಟೀಲಿ ಕಸುವಿಲ್ಲ,” ಎಂದ ತಂತಿ. “ಈ ಹೊಟ್ಟೇಲಿ ಇರೋದೆಲ್ಲ ಊಟ, ಉಸಿರಲ್ಲ.”

*

ವಿಶ್ವವಿದ್ಯಾಲಯದವರು ಮೇಷ್ಟ್ರನ್ನು ಮೊದಲು ತೆಗೆದುಕೊಂಡದ್ದು ವಾದ್ಯಗಳ ಕೋಣೆ ನೋಡಿಕೊಳ್ಳಲು, ಬಿಡುವಿದ್ದಾಗ ಕೊಳಲು ಹೇಳಿಕೊಡಲು. ಸ್ಯಾಕ್ಸೊಫೋನ್ ಎಂದರೆ ಹಿರಿಯ ಪ್ರಾಧ್ಯಾಪಕರು ಮೂಗು ಮುರಿಯುತ್ತಿದ್ದರು. ಅದು ಬ್ಯಾಂಡಿನವರ ವಾದ್ಯ, ಶಾಸ್ತ್ರೀಯಕ್ಕೆ ಬರುವುದಿಲ್ಲ ಎಂಬುದು ಅವರ ಮಾತು. ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಕೋಣೆಯ ಬಾಗಿಲು ತೆರೆದಿಟ್ಟು ನುಡಿಸಿದರು. ಒಬ್ಬೊಬ್ಬರಾಗಿ ಹುಡುಗರು ಬಂದು ಹೊಸ್ತಿಲಲ್ಲಿ ನಿಂತರು. ಇದ್ದದ್ದು ಆ ಒಂದೇ ಹಳೆಯ ವಾದ್ಯ. ಮೊದಲ ತಂಡದವರೆಲ್ಲ ಅದರಲ್ಲೇ ಸರದಿಯ ಮೇಲೆ ಕಲಿತರು, ಗೀತೆಯ ಕೊನೆಯನ್ನು ಮೇಲಕ್ಕೇ ಕಲಿತರು. ಅದು ವಾದ್ಯದ ಕುಂದು ಎಂದು ಮೇಷ್ಟ್ರು ಅವರಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ತಂತಿ ದೊಡ್ಡ ವಾದ್ಯವೃಂದವೊಂದರ ಆಯ್ಕೆಗೆ ಹೋದ. ಗೀತೆ ಮುಗಿಯುತ್ತಿದ್ದಂತೆ ತೀರ್ಪುಗಾರರೊಬ್ಬರು, “ಈ ಕೊನೆ ಯಾರು ಹೇಳ್ಕೊಟ್ಟಿದ್ದು ನಿನಗೆ?” ಎಂದರಂತೆ. ಇವನು ಹೆಮ್ಮೆಯಿಂದ ಮೇಷ್ಟ್ರ ಹೆಸರು ಹೇಳಿದನಂತೆ. ಅವರೆಲ್ಲ ನಕ್ಕು ಇವನನ್ನು ಮನೆಗೆ ಕಳಿಸಿದರು. ಅವನು ಮತ್ತೆ ವಾದ್ಯ ಮುಟ್ಟಲಿಲ್ಲ. ಅವತ್ತು ಮೇಷ್ಟ್ರು ಊಟ ಬಿಟ್ಟರು.

ಮುಂದೆ ಕೋರ್ಸು ಮಂಜೂರಾಯಿತು, ಹುದ್ದೆ ಸಿಕ್ಕಿತು, ಹೊಸ ವಾದ್ಯಗಳು ಬಂದವು. ಹೊಸ ವಾದ್ಯದ ಮೊದಲ ಕಛೇರಿಯ ದಿನ ಆಕೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗೀತೆ ಇಳಿಯುತ್ತ ಬಂತು. ಆಕೆಯ ಎದೆ ಎಂದಿನಂತೆ ಮೇಲಕ್ಕೆ ಹಾರಲು ಸಿದ್ಧವಾಯಿತು. ಸ್ವರ ಕೆಳಕ್ಕಿಳಿದು ಗಟ್ಟಿಯಾಗಿ ನೆಲದ ಮೇಲೆ ಕೂತಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಕೆಯೂ ತಟ್ಟಿದಳು, ಯಾರದೋ ಗಂಡನಿಗೆ ತಟ್ಟಿದ ಹಾಗೆ.

“ಕೊನೆಗೂ ಸರಿಯಾಗಿ ನುಡಿಸಿದೆ ಕಣೇ!” ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಅವರು ಕುಣಿದಾಡುತ್ತಿದ್ದರು. ಆಕೆ ಚೆನ್ನಾಗಿತ್ತು ಎಂದಳು.

ಎಷ್ಟೋ ಸಲ ಕೇಳಿದಳು ಆಮೇಲೆ. ಮುದ್ದಿನಿಂದ, ಜಗಳದಲ್ಲಿ, ಜ್ವರ ಬಂದು ಮಲಗಿದ್ದಾಗ. “ಮನೇಲಿ ನಾವಿಬ್ಬರೇ ಇರೋದು. ಒಂದೇ ಸಲ ಹಳೇ ಥರ ನುಡಿಸ್ರೀ.”

“ಅದು ಹರಿದ ಅಂಗಿಗೆ ಹಾಕಿದ ತೇಪೆ ಕಣೇ. ಹೊಸ ಅಂಗಿ ಬಂದ ಮೇಲೂ ತೇಪೆ ಹಚ್ಕೊಂಡು ಓಡಾಡ್ತಾರಾ?”

“ಆ ತೇಪೆ ನೋಡೇ ನಾನು ನಿಮ್ಮನ್ನ ಕಟ್ಕೊಂಡಿದ್ದು.”

ಅವರ ಮುಖ ಬಾಡುತ್ತಿತ್ತು. “ತಂತಿ ಬದುಕು ಹಾಳಾಗಿದ್ದು ಅದರಿಂದ. ಅದನ್ನ ಮಾತ್ರ ನುಡಿಸು ಅನ್ನಬೇಡ.” ಅವರು ಆಕೆಗೆ ಬೇರೆ ಯಾವುದನ್ನೂ ಇಲ್ಲವೆಂದವರಲ್ಲ.

*

ತಂತಿ ಆ ಸ್ಯಾಕ್ಸೊಫೋನನ್ನು ಹಿಂದಿರುಗಿಸಲು ಹೋದಾಗ ಆಕೆ ನೇರ ಹೊಸ ಮೇಡಂ ಕಡೆಗೆ ಹೆಜ್ಜೆ ಹಾಕಿದಳು. ಮಗಳು ಅಡ್ಡ ಬಂದಳು. ಕಾರಿಡಾರಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅಪ್ಪನದೇ ಮೂಗು, ಅಪ್ಪನದೇ ಹಟ.

“ಬೇಡಮ್ಮ. ಮೇಡಂನ ಕೇಳಬೇಡ.”

“ಒಂದು ಸ್ವರ ಕಣೇ. ಒಂದೇ ಒಂದು.”

“ಎಷ್ಟು ಜನ ಬಂದಿದ್ದಾರೆ ನೋಡು. ಅಪ್ಪನ್ನ ನೋಡಿ ಮೂಗು ಮುರೀತಿದ್ದೋರೂ ಬಂದು ಕೂತಿದ್ದಾರೆ. ಜೀವಮಾನ ಎಲ್ಲ ಅಪ್ಪ ತಿದ್ದಿದ್ದನ್ನ ಅಪ್ಪನ ಎದುರಿಗೇ ಕೆಡಿಸ್ತೀಯಾ?”

“ನನಗೆ ಇನ್ಯಾವಾಗ ಸಿಗುತ್ತೆ ಅದು?” ಎಂದಳು ಆಕೆ. ಧ್ವನಿ ಏರಿತ್ತು. ಒಂದಿಬ್ಬರು ತಿರುಗಿ ನೋಡಿದರು.

ಮಗಳಿಗೆ ಅಳು ಬಂತು. “ನಿನಗೆ ಬೇಕು, ನನಗೆ ಗೊತ್ತು. ಅವರಿಗೆ ಬೇಡವಾಗಿತ್ತಲ್ಲಮ್ಮ.”

ಆಕೆ ಗಂಡನ ಕಡೆ ನೋಡಿದಳು. ಕಪ್ಪು ಕೋಟು, ನೆಟ್ಟಗಿನ ಕಾಲರು, ಬಾಯಿ ಬಿಗಿಯಾಗಿ ಮುಚ್ಚಿತ್ತು. ತನ್ನ ಆಸೆ ತನ್ನದೇ ಹೊರತು ಅವರದಾಗಿರಲಿಲ್ಲ. ಹೊಸ ಮೇಡಂ ಏನಾದರೂ ಹೇಳುವುದಿದೆಯೇ ಎಂಬಂತೆ ನೋಡುತ್ತ ನಿಂತಿದ್ದರು.

“ಏನಿಲ್ಲಮ್ಮ. ಅವರು ಹೇಳ್ಕೊಟ್ಟ ಹಾಗೇ ನುಡಿಸು,” ಎಂದು ಆಕೆ ಕುರ್ಚಿಗೆ ಮರಳಿದಳು. ಮಗಳು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

ಹೊಸ ಮೇಡಂ ಸ್ಯಾಕ್ಸೊಫೋನ್ ಹಿಡಿದು ಮೇಷ್ಟ್ರ ತಲೆಯ ಬಳಿ ನಿಂತು ಶುರುಮಾಡಿದರು. ತುಂಬ ಚೆನ್ನಾಗಿ ನುಡಿಸಿದರು. ಎಲ್ಲೂ ಅವಸರವಿಲ್ಲ, ಎಲ್ಲೂ ಗೋಗರೆದದ್ದಿಲ್ಲ. ಹಿರಿಯ ಪ್ರಾಧ್ಯಾಪಕರೊಬ್ಬರು ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ತಂತಿಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಹೊಟ್ಟೆಯ ಮೇಲೆ ಆಡುತ್ತಿದ್ದವು. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸುಮ್ಮನೆ ಕೇಳಿ ಎದ್ದು ಬಿಡಬೇಕು, ಅವರನ್ನು ಗೌರವದಿಂದ ಕಳಿಸಿಕೊಡಬೇಕು ಎಂದು ಮನಸ್ಸಿಗೆ ಹೇಳಿಕೊಂಡಿದ್ದಳು. ಗೀತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗಿತು.

ಕೊನೆಯ ಸ್ವರ ಕೆಳಕ್ಕಿಳಿದು ತುಂಬಿ ನಿಂತಿತು. ಅದೇ ಗಳಿಗೆಗೆ ಹಾಲಿನಲ್ಲಿ ಇನ್ನೊಂದು ಸ್ವರವೂ ಕೇಳಿಸಿತು. ತೆಳ್ಳಗೆ, ಒಡಕು ಒಡಕಾಗಿ, ಮೇಲಕ್ಕೆ. ಅದು ತನ್ನ ಗಂಟಲಿನಿಂದಲೇ ಬರುತ್ತಿದೆ ಎಂದು ಆಕೆಗೆ ತಡವಾಗಿ ಗೊತ್ತಾಯಿತು. ಸಂಗೀತದವರ ಮನೆಯಲ್ಲಿ ಅಷ್ಟು ಕಾಲ ಬಾಳಿಯೂ ಆಕೆ ಒಂದು ದಿನವೂ ಗುನುಗಿದವಳಲ್ಲ. ಈಗ ಶುರುವಾದದ್ದು ನಿಲ್ಲಲಿಲ್ಲ, ಆಕೆ ನಿಲ್ಲಿಸಲೂ ಇಲ್ಲ. ಮಗಳ ಹಿಡಿತ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಹಿರಿಯ ಪ್ರಾಧ್ಯಾಪಕರು ಕತ್ತು ತಿರುಗಿಸಿದರು. ಬಾಗಿಲಲ್ಲಿ ತಂತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಗೀತೆಯ ಲೆಕ್ಕಕ್ಕೆ ಕೆಳಗಿನ ಸ್ವರ ಅಷ್ಟರಲ್ಲಿ ಮುಗಿಯಬೇಕಿತ್ತು. ಹೊಸ ಮೇಡಂ ಮುಗಿಸಲಿಲ್ಲ. ಕತ್ತಿನ ನರ ಉಬ್ಬಿತು, ಮುಖ ಕೆಂಪೇರಿತು, ಆದರೂ ಹಾಡುತ್ತಿದ್ದ ಆಕೆಯ ಮುದಿ ಬಾಯಿಯ ಮೇಲಿಂದ ಕಣ್ಣು ಕೀಳದೆ, ಅದು ತಾನಾಗಿ ಮುಚ್ಚುವವರೆಗೂ ಸ್ವರವನ್ನು ಹಿಡಿದೇ ಇದ್ದರು.