ಗೂರಲಜ್ಜಿಯ ಹೊಟ್ಟೆಯಲ್ಲಿನ ಗಂಟು

ಕಬ್ಬಿಣದ ಹಡಗೊಂದನ್ನು ಎರಡು ಕೈಯಲ್ಲಿ ಹಿಡಿದೆಳೆದು ಇನ್ನೂ ಮೂವತ್ತು ಅಡಿ ಉದ್ದ ಮಾಡಿದವನು ನಾನು. ಅದೂ ಬೆಳಗಿನ ಚಹಾಕ್ಕೆ ಮುಂಚೆ.

ಎಂಜಿನ್ನು ಸದಾ ಕೆಮ್ಮುತ್ತಿದ್ದುದರಿಂದ ಆ ಹಡಗನ್ನು ಎಲ್ಲರೂ ಗೂರಲಜ್ಜಿ ಎನ್ನುತ್ತಿದ್ದರು. ನಲವತ್ತು ವರ್ಷ ಸಿಮೆಂಟು ಹೊತ್ತವಳು. ಅದರಲ್ಲಿ ಮೂವತ್ತು ವರ್ಷ ಆ ಎಂಜಿನ್ನಿಗೆ ಎಣ್ಣೆ ಹಾಕಿದವರು ನನ್ನ ಮಾವ. ಅಜ್ಜಿಯನ್ನು ಉದ್ದ ಮಾಡಿ ಜನ ದಾಟಿಸುವ ಹಡಗಾಗಿಸಲು ಮಾಲೀಕರು ಒಪ್ಪಿದರು. ಆದರೆ ಬೆಸುಗೆ ಒಂದು ಹನಿ ಸೋರಿದರೂ ನೇರ ಗುಜರಿಗೆ ಎಂದು ತಪಾಸಣೆಯವರು ಖಡಾಖಂಡಿತವಾಗಿ ಹೇಳಿದ್ದರು. ಅಂದಿನಿಂದ ಮಾವನಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ನಡು ಕತ್ತರಿಸಿ, ಹೊಸ ತುಂಡು ಕೂರಿಸಿ ಬೆಸೆದವನು ನಾನೊಬ್ಬನೇ. ನನ್ನ ಕಿಡಿ ಕಂಡು ಸೂರ್ಯ ನಾಚಿ ಮೋಡ ಹೊದ್ದುಕೊಂಡ. ಸೋರಿಕೆ ನೋಡಲು ಬೆಸುಗೆಯ ಒಂದು ಬದಿಗೆ ಸುಣ್ಣ ಬಳಿದು, ಇನ್ನೊಂದು ಬದಿಗೆ ಸೀಮೆಎಣ್ಣೆ ಸವರುತ್ತಾರೆ. ಕೂದಲೆಳೆಯಷ್ಟು ಸಂದಿದ್ದರೂ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಸುಣ್ಣ ಬಳಿಯುವುದು ನನ್ನ ಹೆಂಡತಿಯ ಕೆಲಸ. ತಪಾಸಣೆಯವರು ಭೂತಗನ್ನಡಿ ಹಿಡಿದು ಮೂರು ದಿನ ಹುಡುಕಿದರು. ಕಲೆಯ ಸುಳಿವಿಲ್ಲ. ಕೊನೆಗೆ ನನ್ನ ಬಲಗೈಯನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಕೇಳಿದರು. ಊಟಕ್ಕೆ ಬೇಕೆಂದು ಕೊಡಲಿಲ್ಲ.

ಇಷ್ಟನ್ನೂ ಅಜ್ಜಿ ಜನ ಹೊತ್ತು ಹೊರಟ ಮೊದಲ ದಿನ, ಹೊಸ ಬೆಂಚುಗಳ ಮೇಲೆ ಕೂತ ಪ್ರಯಾಣಿಕರಿಗೆ ಹೇಳುತ್ತಿದ್ದೆ. ಒಂದು ಪಕ್ಕದಲ್ಲಿ ಹೆಂಡತಿ, ಇನ್ನೊಂದು ಪಕ್ಕದಲ್ಲಿ ಮಾವ. ಅವರ ಕಣ್ಣು ಮಂಜು, ಅಂಗೈ ಚುರುಕು. ಬೆಸುಗೆಯ ಗೆರೆಯನ್ನು ಸವರುತ್ತಿದ್ದ ಆ ಅಂಗೈ ಒಂದು ಕಡೆ ನಿಂತುಬಿಟ್ಟಿತು.

"ಅಳಿಯಂದ್ರೆ, ಇಲ್ಲೊಂದು ಗಂಟಿದೆಯಲ್ಲ. ಒಂದೇ ಸಲ ಬೆಸೆದ್ರೆ ಇಷ್ಟು ದಪ್ಪ ಬರುತ್ತಾ?"

ಹೆಂಡತಿ ಕಿಟಕಿಯಾಚೆ ಇಲ್ಲದ ಹಕ್ಕಿಯನ್ನು ನೋಡತೊಡಗಿದಳು. "ಹೇಳ್ರೀ. ಕಲೆನೇ ಇರ್ಲಿಲ್ಲ ಅಂದ್ರಲ್ಲ."

ಸಿಕ್ಕಿಬಿದ್ದೆ, ಎಲ್ಲರೆದುರು ಒಪ್ಪಿಕೊಂಡೆ. ಅಜ್ಜಿಯನ್ನು ಎಳೆದದ್ದು ಕ್ರೇನು. ಬೆಸೆದವರು ಹನ್ನೊಂದು ಮಂದಿ. ನನ್ನ ಪಾಲಿಗೆ ಬಂದದ್ದು ಆರಡಿ. ಆ ಆರಡಿಯಲ್ಲೇ, ತಪಾಸಣೆಯ ಬೆಳಿಗ್ಗೆ, ಹೆಬ್ಬೆರಳಿನಷ್ಟು ಕಲೆ ಮೂಡಿತ್ತು. ಮೇಲೆ ಇನ್ನೊಂದು ಕೈ ಸುಣ್ಣ ಎಳೆದು ಮುಚ್ಚೋಣವೆಂದು ಕುಂಚ ಎತ್ತಿದ್ದೆ. ಅವಳು ಕಿತ್ತುಕೊಂಡಳು. "ಇದ್ರಲ್ಲಿ ಅಪ್ಪ ಕೂರ್ತಾರೆ ಕಣ್ರೀ" ಎಂದಳು, ಅಷ್ಟೇ. ಅವಳು ತಪಾಸಣೆಯವರಿಗೆ ನಾಲ್ಕು ಲೋಟ ಚಹಾ ಕುಡಿಸುವಷ್ಟರಲ್ಲಿ ನಾನು ಕೆರೆದು, ಮತ್ತೆ ಬೆಸೆದೆ. ಆಮೇಲೆ ಕಲೆ ಬರಲಿಲ್ಲ.

ಮಾವ ಗಂಟನ್ನು ಮತ್ತೊಮ್ಮೆ ಸವರಿ, ಊಟದ ಡಬ್ಬಿ ಬಿಚ್ಚಿದರು. "ರೈಲು ಬಿಡೋರನ್ನ ಬೇಕಾದಷ್ಟು ಕಂಡಿದ್ದೆ. ಹಡಗು ಬಿಡೋ ಅಳಿಯ ನನಗೇ ಸಿಗಬೇಕಾ?"

ಪ್ರಯಾಣಿಕರೆಲ್ಲ ನಕ್ಕರು. ಕೆಳಗಿನಿಂದ ಗೂರಲಜ್ಜಿಯೂ ನಕ್ಕಳು.

ಇಲ್ಲ, ನಿಜ ಹೇಳುತ್ತೇನೆ, ಕೆಮ್ಮಿದಳು.