ಎಡಗಡೆಯ ಹಿಂದಿನ ಚಕ್ರ

ಹೆಲ್ಕಾ ನಾಲ್ಕನೆಯ ಸಲ ಚಕ್ರವನ್ನು ಕೈಯಿಂದ ತಿರುಗಿಸಿದಳು. ಲಿಫ್ಟಿನ ಮೇಲೆ ಎದೆಮಟ್ಟಕ್ಕೆ ಏರಿ ನಿಂತಿದ್ದ ಬೂದು ಬಣ್ಣದ ಕಾರಿನ ಎಡಗಡೆಯ ಹಿಂದಿನ ಚಕ್ರ ಯಾವ ತಕರಾರೂ ಇಲ್ಲದೆ ಎರಡು ಸುತ್ತು ಹಾಕಿ, ಮೂರನೆಯದಕ್ಕೆ ಮನಸ್ಸಿಲ್ಲದೆ ನಿಂತಿತು. ಬಲಗಡೆಯದೂ ಅಷ್ಟೇ ಸುತ್ತಿತ್ತು. ಅವಳಿಗೆ ಸಿಟ್ಟು ಬಂದದ್ದೇ ಅದಕ್ಕೆ. ಕೆಟ್ಟದ್ದು ಕೆಟ್ಟ ಹಾಗೆ ಕಾಣಿಸಬೇಕು. ಪರೀಕ್ಷೆಯ ದಿನ ಇಷ್ಟು ಸಂಭಾವಿತನಂತೆ ನಟಿಸಬಾರದು.

"ಏನಂತೆ ನಿನ್ನ ಪೇಷೆಂಟು?" ತೌನೋ ಕೇಳಿದ. ಗ್ಯಾರೇಜು ಅವನದು. ಆಗಸ್ಟಿನಿಂದ ಹೆಲ್ಕಾ ವಾರಕ್ಕೆ ಮೂರು ದಿನ ಅವನ ಹತ್ತಿರ, ಎರಡು ದಿನ ತರಬೇತಿ ಶಾಲೆಯಲ್ಲಿ ಬ್ರೇಕಿನ ಕೆಲಸ ಕಲಿಯುತ್ತಿದ್ದಳು.

"ಆರೋಗ್ಯವಾಗಿದೀನಿ ಅಂತಿದೆ."

"ಸುಳ್ಳು ಹೇಳುತ್ತೆ ಕಣೇ. ಡಿಸ್ಕ್ ನೋಡು, ಬೆಂದು ನೀಲಿಯಾಗಿದೆ. ಕ್ಯಾಲಿಪರ್ ಬದಲಾಯಿಸು, ಊಟಕ್ಕೆ ಬಾ."

ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಶಾಲೆಯ ಮೇಷ್ಟ್ರು ಔಲಿಸ್ ಕೂತಿದ್ದ. ಕಾಲಿನ ಹತ್ತಿರ ಥರ್ಮಾಸು, ತೊಡೆಯ ಮೇಲೆ ಅಂಕದ ಪುಸ್ತಕ. ಬೆಳಿಗ್ಗೆ ಒಂಬತ್ತಕ್ಕೆ ಬಂದವನು ಇದುವರೆಗೆ ಬಾಯಿ ಬಿಟ್ಟಿರಲಿಲ್ಲ. ಎರಡು ಗಂಟೆಗೆ ಹೆಲ್ಕಾ ತನ್ನ ಹಾಳೆಯಲ್ಲಿ ದೋಷ ಏನು, ಅದು ದೋಷವೆಂದು ತಿಳಿದದ್ದು ಹೇಗೆ ಎಂದು ಬರೆದು ಕೊಡಬೇಕು. ಅಕ್ಟೋಬರಿನಲ್ಲಿ ಒಮ್ಮೆ ಬರೆದು ಕೊಟ್ಟಿದ್ದಳು. ಅವತ್ತು ಅಂದಾಜಿನ ಮೇಲೆ ಒಂದು ಪೈಪು ಬದಲಾಯಿಸಿದ್ದಳು. ಔಲಿಸ್ ಅದರ ಕೆಳಗೆ ಒಂದೇ ಸಾಲು ಬರೆದಿದ್ದ: "ಭಾಗ ಬದಲಾಯಿತು, ದೋಷ ಹಾಗೇ ಉಳಿಯಿತು." ಇದು ಎರಡನೆಯ ಅವಕಾಶ. ಇದೂ ತಪ್ಪಿದರೆ ಮತ್ತೆ ಮುಂದಿನ ಆಗಸ್ಟಿನಿಂದ ಮೊದಲ ಪಾಠ. ತೌನೋ ಅಲ್ಲಿಯವರೆಗೆ ಕೆಲಸ ಖಾಲಿ ಇಟ್ಟುಕೊಂಡು ಕಾಯುವುದಿಲ್ಲ ಎಂದು ಮೊದಲೇ ಹೇಳಿದ್ದ. ಅವಳಿಗೆ ನಲವತ್ತನಾಲ್ಕು. ಹತ್ತೊಂಬತ್ತು ವರ್ಷ ಕಾಗದದ ಗಿರಣಿಯ ಪ್ರಯೋಗಾಲಯದಲ್ಲಿ ಹಾಳೆಯ ದಪ್ಪ ಅಳೆದವಳು. ಗಿರಣಿ ಮುಚ್ಚಿತ್ತು.

ಅವಳು ಮತ್ತೆ ಅಳತೆಗಳನ್ನು ನೋಡಿದಳು. ಎಡಗಡೆಯ ಪ್ಯಾಡು ಬಲಗಡೆಯದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಸವೆದಿದೆ. ಡಿಸ್ಕು ಕಾದು ನೀಲಿಯಾಗಿದೆ. ಅಂದರೆ ಈ ಬ್ರೇಕು ಎಲ್ಲೋ, ಯಾವಾಗಲೋ ಹಿಡಿದುಕೊಂಡೇ ಓಡಿದೆ, ಸಂಶಯವಿಲ್ಲ. ಆದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳು ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತಿವೆ. ಪಿಸ್ಟನ್ನು ಒಳಗೆ ಹೋಗಿ ಹೊರಗೆ ಬರುತ್ತಿದೆ. ಬ್ರೇಕಿನ ಬಲ ಅಳೆಯುವ ರೋಲರಿನ ಮೇಲೆ ನಿಲ್ಲಿಸಿ ಬ್ರೇಕು ಒತ್ತಿದರೆ ಎರಡೂ ಕಡೆ ಒಂದೇ ಅಂಕಿ. ಕ್ಯಾಲಿಪರು ತಪ್ಪು ಮಾಡಿಲ್ಲ. ತಪ್ಪು ಮಾಡದವನನ್ನು ಕಿತ್ತುಹಾಕಲು ಅವಳ ಕೈ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಾಗಾದರೆ ಮತ್ತೆ ಯಾರು ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಹನ್ನೊಂದಕ್ಕೆ ಕಾರಿನ ಒಡತಿ ಗುನ್ವೋರ್ ಬಂದಳು. ಮನೆಮನೆಗೆ ಹೋಗಿ ಮುದುಕರಿಗೆ ಇಂಜೆಕ್ಷನ್, ಮಾತ್ರೆ ಕೊಡುವ ನರ್ಸು. ದಕ್ಷಿಣದ ಕಡಲತೀರದ ಹಾಂಕೋ ಊರಿನವಳು, ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಿದ್ದಳು. ಬೆಳಿಗ್ಗೆ ಏಳಕ್ಕೆ ಕಾರನ್ನು ಒಳಗೆ ತಂದು ನಿಲ್ಲಿಸಿ ಹೋಗಿದ್ದಳು. ಈಗ ಡಿಕ್ಕಿಯಲ್ಲಿ ಮರೆತ ಔಷಧಿ ಚೀಲಕ್ಕೆ ಬಂದಿದ್ದಳು. ಗುರುವಾರವಾದ್ದರಿಂದ ಆ ಸೀಮೆಯ ವಾಡಿಕೆಯಂತೆ ಒಳಗಿನ ಕೋಣೆಯಲ್ಲಿ ಬಟಾಣಿ ಸೂಪು ಕುದಿಯುತ್ತಿತ್ತು. ತೌನೋ ಅವಳನ್ನೂ ಕೂರಿಸಿ, ಬಟ್ಟಲು ತುಂಬಿಸಿ, ಸೂಪಿಗೆ ಕಲಸಿಕೊಳ್ಳುವ ಸಾಸಿವೆಯ ಗೊಜ್ಜು ಮುಂದಕ್ಕೆ ತಳ್ಳಿದ.

"ಸಿಕ್ತಾ ಏನಾದ್ರೂ?" ಗುನ್ವೋರ್ ಕೇಳಿದಳು. "ಮೊನ್ನೆ ಸರೋವರದ ಆಚೆ ಒಬ್ಬ ಅಜ್ಜನ ಮನೆ ಮುಂದೆ ನಿಲ್ಲಿಸ್ದೆ. ಸುಟ್ಟ ವಾಸನೆ. ಪಾಪ, ಅಜ್ಜ ತನ್ನ ಒಲೆ ಅಂದ್ಕೊಂಡು ಗಾಬರಿಯಾಗಿ ಬರೀ ಸಾಕ್ಸಲ್ಲೇ ಹೊರಗೆ ಓಡಿಬಂದ."

"ಬೆಳಿಗ್ಗೆ ಮಾತ್ರಾನಾ ಹೀಗೆ?"

"ಬೆಳಿಗ್ಗೆ ಜಾಸ್ತಿ. ಯಾರೋ ಹಿಂದಿನಿಂದ ಸೆರಗು ಹಿಡ್ಕೊಂಡ ಹಾಗೆ."

ಗಿರಣಿಯಲ್ಲಿ ಅಂಕಿ ಅರ್ಥವಾಗದಿದ್ದಾಗ ಹೆಲ್ಕಾ ಯಂತ್ರವನ್ನು ಬಿಟ್ಟು ಹಾಳೆ ಕತ್ತರಿಸಿ ತಂದವರ ಹತ್ತಿರ ಹೋಗಿ, ಹೇಗೆ ಕತ್ತರಿಸಿದಿರಿ ಎಂದು ಕೇಳುತ್ತಿದ್ದಳು. ಈಗಲೂ ಅವಳ ಬಾಯಿಗೆ ಅದೇ ಬಂತು.

"ಗಾಡಿ ನಿಲ್ಲಿಸಿ ಇಳಿಯೋವಾಗ ಏನೇನು ಮಾಡ್ತೀರಿ? ಒಂದೊಂದಾಗಿ ಹೇಳಿ."

"ಅದರಲ್ಲಿ ಹೇಳೋದೇನಿದೆ? ಇಂಜಿನ್ ಆರಿಸ್ತೀನಿ, ಹ್ಯಾಂಡ್‌ಬ್ರೇಕ್ ಎಳೀತೀನಿ, ಚೀಲ ತಗೋತೀನಿ, ಇಳೀತೀನಿ."

ತೌನೋನ ಚಮಚ ಬಾಯಿಯ ಹತ್ತಿರ ನಿಂತಿತು. "ಏನ್ ಎಳೀತೀರಿ?"

"ಹ್ಯಾಂಡ್‌ಬ್ರೇಕು."

"ಜನವರೀಲಿ?"

"ಫೆಬ್ರವರೀಲೂ ಎಳೀತೀನಿ. ಯಾಕೆ, ಇಲ್ಲಿ ಅದಕ್ಕೆ ಬೇರೆ ಪರ್ಮಿಷನ್ ಬೇಕಾ? ನಮ್ಮಪ್ಪ ಬಂದರಲ್ಲಿ ಕೆಲಸಕ್ಕಿದ್ದ. ಎಳೀದೆ ಇಳಿದ್ರೆ ಗಾಡಿ ಸೀದಾ ಸಮುದ್ರಕ್ಕೆ."

"ಅಮ್ಮಾ ತಾಯಿ, ಇಲ್ಲಿ ಚಳಿಗಾಲ್ದಲ್ಲಿ ಗಾಡಿನ ಗೇರಲ್ಲಿ ನಿಲ್ಲಿಸ್ತಾರೆ. ಆ ಲಿವರ್ ಇರೋದು ಒದ್ದೆ ಗ್ಲೌಸು ಒಣಗಿಸೋಕೆ." ತೌನೋ ನಕ್ಕು ನಕ್ಕು ಕೆಮ್ಮಿದ.

ಹೆಲ್ಕಾ ನಗಲಿಲ್ಲ. ಅವಳ ಬಲಗೈ ಹೆಬ್ಬೆರಳಿಗೆ ಏನೋ ನೆನಪಾಗಿತ್ತು. ಒಂಬತ್ತಕ್ಕೆ ಕಾರಿನೊಳಗೆ ಕೂತಾಗ ಆ ಲಿವರ್ ಮೇಲೆದ್ದಿತ್ತು. ಅವಳೇ ಗುಂಡಿ ಒತ್ತಿ ಕೆಳಗಿಳಿಸಿದ್ದಳು. ಇಳಿಸಿದ್ದನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಕಂಡದ್ದೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡು ಗಂಟೆಗಳಿಂದ ಬ್ರೇಕಿನ ಪ್ರತಿಯೊಂದು ಅಂಗವನ್ನೂ ಮುಟ್ಟಿ ನೋಡಿದವಳು ಅದೊಂದರ ಕಡೆ ತಿರುಗಿರಲಿಲ್ಲ. ಹದಿನೆಂಟರಲ್ಲಿ ಡ್ರೈವಿಂಗ್ ಪರೀಕ್ಷೆಗೆಂದು ಎಳೆದದ್ದು ಬಿಟ್ಟರೆ ಚಳಿಗಾಲದಲ್ಲಿ ಅವಳೆಂದೂ ಅದನ್ನು ಮುಟ್ಟಿದವಳಲ್ಲ. ಈ ಊರಲ್ಲಿ ಯಾರೂ ಮುಟ್ಟುವುದಿಲ್ಲ.

ಸೂಪನ್ನು ಅರ್ಧಕ್ಕೇ ಬಿಟ್ಟು ಲಿಫ್ಟಿನ ಕೆಳಗೆ ಹೋದಳು. ಲಿವರಿನಿಂದ ಚಕ್ರಕ್ಕೆ ಬರುವ ಕೇಬಲ್ಲನ್ನು ಎಳೆದು ನೋಡಿದಳು. ಸಲೀಸಾಗಿ ಬಂತು, ಸಲೀಸಾಗಿ ಹೋಯಿತು. ಕೇಬಲ್ ಬಾಗುವ ಕಡೆ ಅದರ ರಬ್ಬರಿನ ಟೋಪಿಯಲ್ಲಿ ಕೂದಲೆಳೆಯಷ್ಟು ಸೀಳು.

"ಸಿಕ್ತಲ್ಲ!" ಹಿಂದೆಯೇ ಬಂದ ತೌನೋ ಹೇಳಿದ. "ನೀರು ಹೋಗಿದೆ, ರಾತ್ರಿ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಲಿವರ್ ಇಳಿಸಿದ್ರೂ ಕೇಬಲ್ ಬಿಡಲ್ಲ. ನಮ್ಮ ಗ್ಯಾರೇಜಿನ ಬಿಸೀಲಿ ಕರಗಿ ಒಳ್ಳೇದಾಗ್ಬಿಡುತ್ತೆ. ಹಾಗಂತ ಬರಿ."

"ಬಲಗಡೆಯದ್ರಲ್ಲೂ ಸೀಳಿದೆ. ಅದು ಬೆಂದಿಲ್ಲ."

ತೌನೋ ಟಾರ್ಚು ಹಿಡಿದು ಬಲಗಡೆ ನೋಡಿ, ಟಾರ್ಚು ಆರಿಸಿದ.

"ಒಳಗೆ ನೀರಿದೆಯೋ ಇಲ್ವೋ ಹೊರಗಿಂದ ಕಾಣಲ್ಲ," ಹೆಲ್ಕಾ ಹೇಳಿದಳು. "ಹೊರಗೆ ಎಷ್ಟಿದೆ ಚಳಿ?"

"ಮೈನಸ್ ಇಪ್ಪತ್ತಾರು."

"ಗಾಡಿ ಹೊರಗೆ ಹಾಕ್ತೀನಿ. ಹ್ಯಾಂಡ್‌ಬ್ರೇಕ್ ಎಳೆದು."

ಸ್ಟೂಲಿನ ಮೇಲಿನಿಂದ ಔಲಿಸ್ ಅವತ್ತು ಮೊದಲ ಸಲ ಮಾತಾಡಿದ. "ಎರಡಕ್ಕೆ ಹಾಳೆ ತಗೋತೀನಿ. ಗಾಡಿ ಎಲ್ಲೇ ಇರಲಿ."

"ಗೊತ್ತು."

ಚಕ್ರಗಳನ್ನು ಕೂಡಿಸಿ, ಕಾರನ್ನು ಅಂಗಳಕ್ಕೆ ಒಯ್ದು, ರಾತ್ರಿ ಬಿದ್ದ ಹಿಮ ಇನ್ನೂ ಯಾರೂ ತುಳಿಯದ ಮೂಲೆಯಲ್ಲಿ ನಿಲ್ಲಿಸಿದಾಗ ಹನ್ನೊಂದೂವರೆ. ಗುನ್ವೋರ್ ಎಳೆಯುವಷ್ಟೇ ಬಲವಾಗಿ ಲಿವರ್ ಎಳೆದಳು. ಗಡಿಬಿಡಿಯಲ್ಲಿ ಹಾಳೆ, ಪೆನ್ನು ಎರಡನ್ನೂ ಪಕ್ಕದ ಸೀಟಿನ ಮೇಲೇ ಬಿಟ್ಟು ಇಳಿದಳು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಅದೇ ಕಷ್ಟ. ಸೂಪು ಮುಗಿದು, ಅದರ ಹಿಂದೆ ಜಾಮ್ ಹಚ್ಚಿದ ದಪ್ಪ ದೋಸೆ, ಕಾಫಿ ಎಲ್ಲ ಆಯಿತು. ಗುನ್ವೋರ್ ರೋಗಿಯ ಮನೆಗೆ ಹೋಗಿ ಒಂದೂವರೆಗೆ ಎರವಲು ಪಡೆದ ಕಾರಿನಲ್ಲಿ ತಿರುಗಿ ಬಂದಳು. ಹೆಲ್ಕಾ ಕಿಟಕಿಯ ಹತ್ತಿರದಿಂದ ಕದಲಲಿಲ್ಲ. ಎರಡು ಗಂಟೆಯ ಚಳಿ ಒಂದು ರಾತ್ರಿಯ ಚಳಿಗೆ ಸಮವೇ? ಗ್ಯಾರೇಜಿನ ಬಿಸಿಗೆ ಒಳಗಿನ ನೀರು ಆಗಲೇ ಆರಿಹೋಗಿದ್ದರೆ? ಹಾಗಾದರೆ ಹಾಳೆ ಖಾಲಿ. ಖಾಲಿ ಹಾಳೆಗಿಂತ ಕ್ಯಾಲಿಪರ್ ಎಂದು ಬರೆಯುವುದೇ ಮೇಲಾಗಿತ್ತೇನೋ.

"ಇಪ್ಪತ್ತೆಂಟು ವರ್ಷದಿಂದ ಗಾಡಿ ರಿಪೇರಿ ಮಾಡ್ತಿದೀನಿ," ತೌನೋ ಗುನ್ವೋರ್‌ಗೆ ಹೇಳುತ್ತಿದ್ದ. "ಐಸ್‌ಕ್ರೀಮ್ ಥರ ಒಂದನ್ನೂ ಹೊರಗಿಟ್ಟಿರಲಿಲ್ಲ."

ಎರಡಕ್ಕೆ ಇಪ್ಪತ್ತು ನಿಮಿಷವಿದ್ದಾಗ ಹೆಲ್ಕಾ ಟೋಪಿ ಹಾಕಿಕೊಂಡು ಹೊರಟಳು. ಉಳಿದವರೂ ಹಿಂದೆಯೇ ಬಂದು ಬಾಗಿಲ ಹತ್ತಿರ ನಿಂತರು. ಸೀಟು ಹಲಗೆಯಾಗಿತ್ತು. ಇಂಜಿನ್ ಒಂದು ಸಲ ಗೊಣಗಿ ಎದ್ದಿತು. ಗುಂಡಿ ಒತ್ತಿ ಲಿವರ್ ಇಳಿಸಿದಳು. ಅದು ಕೈಯಿಂದ ಜಾರಿ, ಹಿಡಿದವರೇ ಇಲ್ಲದ ಹಾಗೆ ಕೆಳಗೆ ಬಿತ್ತು. ಮೊದಲ ಗೇರು. ಕಾರು ಕ್ಷಣಕಾಲ ತಡೆದು ಮುಂದೆ ಹೋಯಿತು. ಆರೇಳು ಮೀಟರು, ಸುಮ್ಮನೆ. ಕಿರುಗುಟ್ಟಲಿಲ್ಲ, ಜಗ್ಗಲಿಲ್ಲ, ಏನೂ ಇಲ್ಲ.

ಇಂಜಿನ್ ಆರಿಸಿ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಳು. ಮುಂದಿನ ಆಗಸ್ಟಿಗೆ ಎಷ್ಟು ತಿಂಗಳು ಎಂದು ಬೇಡವೆಂದರೂ ಎಣಿಸಿದಳು. ಬಾಗಿಲ ಕಡೆಯಿಂದ ತೌನೋನ ಹಾಸ್ಯವೂ ಕೇಳಿಸಲಿಲ್ಲ. ಅವನು ಸುಮ್ಮನಿರುವುದು ವಿಚಿತ್ರವೆನ್ನಿಸಿ, ಹಾಳೆ ಪೆನ್ನು ಎತ್ತಿಕೊಂಡು ಇಳಿದಳು.

ಮೂವರೂ ಕಾರಿನ ಹಿಂದೆ ನಿಂತು ನೆಲ ನೋಡುತ್ತಿದ್ದರು. ಔಲಿಸ್ ಕುಕ್ಕರಗಾಲಲ್ಲಿ ಕೂತು ಗ್ಲೌಸು ತೆಗೆದಿದ್ದ. ಹಿಮದ ಮೇಲೆ ಎರಡು ಸಾಲುಗಳು. ಬಲಗಡೆಯದರಲ್ಲಿ ಟೈರಿನ ಹಲ್ಲುಗಳು ಒಂದೊಂದೂ ಹೊಲಿಗೆ ಹಾಕಿದಷ್ಟು ಸ್ಪಷ್ಟವಾಗಿ ಮೂಡಿದ್ದವು. ಎಡಗಡೆ ಒಂದು ಹಲ್ಲೂ ಇಲ್ಲ. ಯಾರೋ ಬೆರಳಿಂದ ಎಳೆದ ಹಾಗೆ, ಮೊದಲಿನಿಂದ ಕೊನೆಯವರೆಗೆ ನುಣುಪಾದ ಒಂದೇ ಗೆರೆ. ಔಲಿಸ್ ಆ ಗೆರೆಯ ಮೇಲೆ ಬೆರಳಾಡಿಸಿದ.

"ಚಕ್ರ ತಿರುಗೇ ಇಲ್ಲ," ಗುನ್ವೋರ್ ಮೆಲ್ಲಗೆ ಹೇಳಿದಳು. "ನಾನು ದಿನಾ ಇದನ್ನ ಎಳ್ಕೊಂಡು ಓಡಾಡ್ತಿದ್ನಾ?"

ಔಲಿಸ್ ಎದ್ದು ಮಂಡಿಯ ಹಿಮ ಕೊಡವಿ, ಗಡಿಯಾರ ನೋಡಿದ. "ಹದಿನಾರು ನಿಮಿಷ ಇದೆ," ಎಂದ. "ಬರಿ."

ಹೆಲ್ಕಾ ಕಾರಿನ ಛಾವಣಿಯ ಮೇಲೆ ಹಾಳೆಯನ್ನಿಟ್ಟು ಬರೆಯಲು ಹೋದಳು. ಪೆನ್ನು ಕಾಗದವನ್ನು ಗೀರಿತೇ ಹೊರತು ಮೂಡಲಿಲ್ಲ. ಶಾಯಿ ಗಟ್ಟಿಯಾಗಿತ್ತು. ತೌನೋ ತನ್ನ ಜೇಬಿಗೆ ಕೈ ಹಾಕಿದ. ಅವಳು ಬೇಡವೆಂದು ತಲೆಯಾಡಿಸಿ, ಜಾಕೆಟ್ಟಿನ ಜಿಪ್ಪು ಇಳಿಸಿ, ಪೆನ್ನನ್ನು ಕಂಕುಳಲ್ಲಿ ಒತ್ತಿಹಿಡಿದುಕೊಂಡು, ಹಿಮದ ಮೇಲಿನ ಎರಡು ಸಾಲುಗಳನ್ನು ನೋಡುತ್ತ, ಶಾಯಿ ಕರಗುವವರೆಗೆ ಕಾದಳು.